ಸಂಪಾದಕರ ಉತ್ತರ: ಆ ಮಣ್ಣಿನ ರಾಶಿಯ ಎದುರು ಯಾವ ಭಾಷೆ ಮಾತಾಡಬೇಕಿತ್ತು?

ಈ ತಿಂಗಳು ಬಂದ ಪತ್ರಗಳಲ್ಲಿ ಒಂದನ್ನು ನಾಲ್ಕು ಸಲ ಓದಿದೆ. ಕೇರಳದ ಗಡಿಜಿಲ್ಲೆ ಕಾಸರಗೋಡಿನ ಪೆರ್ಲದ ಕಡೆಯ ನಿವೃತ್ತ ಕನ್ನಡ ಮಾಷ್ಟ್ರೊಬ್ಬರು ಬರೆದದ್ದು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ.

ಅವರ ಮೊಮ್ಮಗಳು ಒಂಬತ್ತನೇ ಕ್ಲಾಸು. ಶಾಲೆಗೆ ಹೊಸದಾಗಿ ಬಂದ ಟೀಚರ್ ಮಕ್ಕಳಿಗೆ, ಇವತ್ತಿನ ಯಾವುದಾದರೂ ವಿಷಯದ ಮೇಲೆ ಹತ್ತು ನಿಮಿಷದ ನಾಟಕ ಬರೆಯಿರಿ ಎಂದರಂತೆ. ಹುಡುಗಿ 2020ರ ಲಾಕ್‌ಡೌನ್ ತೆಗೆದುಕೊಂಡಳು. ಗಡಿಯ ಒಂದು ಒಳರಸ್ತೆ. ಅಡ್ಡಲಾಗಿ ಸುರಿದ ಮಣ್ಣು. ಈಚೆ ಆಂಬುಲೆನ್ಸ್, ಆಚೆ ಪೊಲೀಸ್. ಡ್ರೈವರ್ ಮಲಯಾಳದಲ್ಲಿ ‘ಸಾರೇ, ಒನ್ನ್ ವಿಡಣೇ’ (ಸಾರ್, ಒಮ್ಮೆ ಬಿಡಿ) ಎನ್ನುತ್ತಾನೆ. ಒಳಗೆ ಮಲಗಿದ ಅಜ್ಜಿಯ ಮಗಳು ತುಳುವಿನಲ್ಲಿ ‘ಪೊರ್ತಾಂಡ್’ (ಹೊತ್ತಾಯಿತು) ಎಂದು ಅಳುತ್ತಾಳೆ. ಪೊಲೀಸ್ ಕನ್ನಡದಲ್ಲಿ ಹೇಳುತ್ತಾನೆ: ‘ನನ್ನ ಹೆಂಡತಿಯ ತವರು ಕುಂಬಳೆ. ಅವಳನ್ನೂ ಬಿಡುವಂತಿಲ್ಲ.’ ಮಣ್ಣು ಹಾಗೇ ಇರುತ್ತದೆ, ನಾಟಕ ಮುಗಿಯುತ್ತದೆ.

ಮಾಷ್ಟ್ರಿಗೆ ಬೇಸರವಾಗಿದೆ. ‘ಕನ್ನಡ ನಾಟಕ ಅನ್ನುತ್ತಾರೆ, ಅರ್ಧ ಕನ್ನಡವೇ ಅಲ್ಲ. ಸಮಸ್ಯೆ ಹೇಳಿದ ಮೇಲೆ ಪರಿಹಾರ ಬೇಡವೇ? ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನ ಮಕ್ಕಳಿಗೆ ಒಂದು ಪ್ರಸಂಗ ಕಲಿಸುವುದು ಬಿಟ್ಟು ಪೇಪರಿನ ಸುದ್ದಿ ನಾಟಕ ಮಾಡಿಸುವುದು ಯಾಕೆ?’ ಎಂದು ಕೇಳಿದ್ದಾರೆ. ಕೊನೆಗೆ ಒಬ್ಬ ಹಿರಿಯರು ಬಂದು ಸೌಹಾರ್ದದ ಬಗ್ಗೆ ಎರಡು ಮಾತು ಹೇಳುವ ಹಾಗೆ ತಾವೇ ತಿದ್ದಿಸಿದ್ದಾರಂತೆ.

ಮಾಷ್ಟ್ರೇ, ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ನಮ್ಮ ಮಕ್ಕಳ ಕನ್ನಡ ತೆಳುವಾಗುತ್ತಿರುವುದು ನಿಜ. ಪ್ರಸಂಗದ ಪದ್ಯ ಬಾಯಿಪಾಠ ಮಾಡಿದ ಮಗುವಿನ ನಾಲಗೆ ಬೇರೆಯೇ ಆಗಿರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಮೂವತ್ತು ವರ್ಷ ಕನ್ನಡ ಕಲಿಸಿದವರಿಗೆ ನಾನು ಭಾಷೆಯ ಪಾಠ ಹೇಳಬೇಕಾಗಿಲ್ಲ. ಆದರೆ ಈ ಮಗುವಿನ ವಿಷಯದಲ್ಲಿ ನೀವು ತಪ್ಪಿದ್ದೀರಿ.

ಮೊದಲು ಆ ರಸ್ತೆಯನ್ನೇ ನೋಡಿ. 2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕದ ಕಡೆಯವರು ಗಡಿ ಮುಚ್ಚಿದರು. ಒಳರಸ್ತೆಗಳಿಗೆ ಲಾರಿಯಲ್ಲಿ ಮಣ್ಣು ತಂದು ಸುರಿದರು. ನಮ್ಮ ಜನ ದೊಡ್ಡ ಕಾಯಿಲೆ ಬಂದರೆ ಹೋಗುವುದು ಮಂಗಳೂರಿಗೆ. ಡಯಾಲಿಸಿಸ್, ಹೆರಿಗೆ, ಹಾರ್ಟು, ಎಲ್ಲದಕ್ಕೂ ಅದೇ ದಾರಿ. ಆ ದಾರಿ ಸಿಗದೆ ಕೆಲವರು ಸತ್ತರು. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟ್ ರಸ್ತೆ ತೆರೆಸಿ ಎನ್ನಬೇಕಾಯಿತು, ಮಾತು ಸುಪ್ರೀಂ ಕೋರ್ಟಿನ ತನಕ ಹೋಯಿತು. ಇದು ಪೇಪರಿನ ಸುದ್ದಿಯಲ್ಲ ಮಾಷ್ಟ್ರೇ, ನಿಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿ ನಡೆದದ್ದು. ನಿಮ್ಮ ಮೊಮ್ಮಗಳಿಗೆ ಆಗ ಎಂಟೋ ಒಂಬತ್ತೋ ವರ್ಷ. ದೊಡ್ಡವರು ಪಿಸುಗುಟ್ಟಿದ್ದನ್ನು ಬಾಗಿಲ ಸಂದಿಯಲ್ಲಿ ನಿಂತು ಕೇಳಿರಬೇಕು. ಐದಾರು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಳು. ಹೇಳಲು ಒಂದು ಜಾಗ ಸಿಕ್ಕಿದ ಕೂಡಲೇ ಹೇಳಿದಳು.

ಅಲ್ಲಿ ಆಂಬುಲೆನ್ಸ್ ಡ್ರೈವರ್ ಗ್ರಾಂಥಿಕ ಕನ್ನಡದಲ್ಲಿ ಬೇಡಿಕೊಂಡರೆ ಯಾರು ನಂಬುತ್ತಾರೆ? ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಉರ್ದು ಎಂದು ಸಪ್ತಭಾಷೆಗಳ ನಾಡು ಅಂತ ವೇದಿಕೆಯಲ್ಲಿ ಹೇಳಿಕೊಳ್ಳುತ್ತೇವೆ. ಮಗು ಅದರಲ್ಲಿ ಮೂರನ್ನು ತಂದರೆ ಬೆಚ್ಚಿಬೀಳುತ್ತೇವೆ. ಮನೆಯಲ್ಲಿ ತುಳು ಅಥವಾ ಹವ್ಯಕ ಭಾಷೆ, ಅಂಗಡಿಯಲ್ಲಿ ಮಲಯಾಳ, ಪುಸ್ತಕದಲ್ಲಿ ಕನ್ನಡ. ಪ್ರಬಂಧ ಬರೆಯುವಾಗ ಮಗು ಎರಡನ್ನು ಹೊರಗಿಟ್ಟು ಬರಬೇಕು. ನಾಟಕದಲ್ಲಿ ಮಾತ್ರ ಮೂರನ್ನೂ ಒಳಗೆ ಕರೆಯಬಹುದು. ಮಾತು ಯಾರದ್ದು ಎಂದು ಗೊತ್ತಿದ್ದರೆ ಸಾಕು. ಈ ನಾಟಕದಲ್ಲಿ ಕನ್ನಡ ಬಂದಿರುವುದು ಯಾರ ಬಾಯಲ್ಲಿ ಗಮನಿಸಿದಿರಾ? ದಾರಿ ಮುಚ್ಚಿದವನ ಬಾಯಲ್ಲಿ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು, ಅಂದಿನಿಂದ ನಾವು ಕರ್ನಾಟಕದ ಕಡೆ ಮುಖ ಮಾಡಿ ಕೂತಿದ್ದೇವೆ. 1967ರಲ್ಲಿ ಗಡಿ ವಿವಾದ ನೋಡಿದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಎಂದಿತು, ಅದೂ ಕಡತದಲ್ಲೇ ಉಳಿಯಿತು. ಹಾಗೆ ಕಾದವರ ಮುಂದೆ ಕೊನೆಗೆ ಮಣ್ಣು ಬಿದ್ದಾಗ ‘ಆಗುವುದಿಲ್ಲ’ ಎಂದದ್ದು ನಮ್ಮದೇ ಭಾಷೆ. ಗಡಿಯ ಬಗ್ಗೆ ನಮ್ಮ ತಲೆಮಾರು ಎಷ್ಟು ಭಾಷಣ ಮಾಡಿತು! ಈ ಒಂದು ನೋವು ನಮ್ಮ ಯಾರ ಭಾಷಣದಲ್ಲೂ ಬರಲಿಲ್ಲ.

ನಾನು ಈ ವಿಷಯ ಹಿಡಿದು ಇಷ್ಟು ಮಾತಾಡಲು ಕಾರಣ ಇದೆ. ಮೇ ತಿಂಗಳ ರಜೆಯಲ್ಲಿ ನಮ್ಮೂರ ವಾಚನಾಲಯದಲ್ಲಿ ಮೂರು ವರ್ಷ ಮಕ್ಕಳಿಗೆ ನಾಟಕ ಬರೆಯಲು ಹೇಳಿಕೊಟ್ಟಿದ್ದೇನೆ. ಮೊದಲ ವರ್ಷ ಮೊದಲ ದಿನ ‘ಇವತ್ತಿನ ಸಮಸ್ಯೆ ಬರೆಯಿರಿ’ ಎಂದೆ. ಪ್ಲಾಸ್ಟಿಕ್ ಬಂತು, ಮೊಬೈಲ್ ಬಂತು, ಕುಡಿತ ಬಂತು. ಎಲ್ಲ ನಾಟಕದಲ್ಲೂ ಕೊನೆಗೆ ಒಬ್ಬರು ಬಿಳಿ ಪಂಚೆಯವರು ಬಂದು ಬುದ್ಧಿ ಹೇಳಿದರು. ಎಲ್ಲರೂ ಕೈ ಕೈ ಹಿಡಿದು ಘೋಷಣೆ ಕೂಗಿದರು. ಮಕ್ಕಳ ತಪ್ಪಲ್ಲ. ಅವರು ನೋಡಿದ್ದೇ ಅಂಥದ್ದು.

ಮರುದಿನ ಬೇರೆ ಥರ ಹೇಳಿದೆ. ಸಮಸ್ಯೆಯ ಹೆಸರು ಎಲ್ಲೂ ಬರಬಾರದು. ಇಬ್ಬರೇ ಜನ. ನಡುವೆ ಒಂದು ವಸ್ತು. ಇಬ್ಬರ ಮಾತಿನಲ್ಲೂ ನ್ಯಾಯ ಇರಬೇಕು. ಬರೆಯುವ ಮೊದಲು ಒಂದು ಸಂಜೆ ಮನೆಯಲ್ಲಿ ಸುಮ್ನೆ ಕೂತು, ಯಾರು ಏನು ಹೇಳುತ್ತಾರೋ ಹಾಗೇ ಬರೆದುಕೊಂಡು ಬನ್ನಿ.

ಎಂಟನೇ ಕ್ಲಾಸಿನ ಒಬ್ಬ ಹುಡುಗ ಮೊದಲ ದಿನ ‘ಕೃಷಿ ಕಾರ್ಮಿಕರ ಕೊರತೆ’ ಎಂದು ಎರಡು ಪುಟ ಬರೆದಿದ್ದ. ಅದರಲ್ಲಿ ಒಬ್ಬ ರೈತ ಇನ್ನೊಬ್ಬ ರೈತನಿಗೆ ಪಾಠ ಒಪ್ಪಿಸುತ್ತಿದ್ದ. ಎರಡು ದಿನ ಬಿಟ್ಟು ತಂದದ್ದು ಹೀಗಿತ್ತು. ಜೂನ್ ತಿಂಗಳು. ಅಂಗಳದಲ್ಲಿ ಡ್ರಮ್ಮಿನ ತುಂಬ ಕಲಸಿಟ್ಟ ಮೈಲುತುತ್ತು, ಸುಣ್ಣ. ಅಡಿಕೆಗೆ ಮದ್ದು ಬಿಡಬೇಕು, ಇಲ್ಲದಿದ್ದರೆ ಮಹಾಳಿ ರೋಗ ಬಂದು ಎಳೆಕಾಯಿ ಎಲ್ಲ ಉದುರುತ್ತದೆ. ಮಳೆ ಒಂದು ದಿನ ಬಿಟ್ಟಿದೆ. ಕಲಸಿದ ಮದ್ದು ನಾಳೆಗೆ ಉಳಿಯುವುದಿಲ್ಲ. ಮರ ಹತ್ತುವವರು ಬಂದಿದ್ದಾರೆ, ಆದರೆ ಜಗಲಿಯಲ್ಲೇ ಕೂತಿದ್ದಾರೆ. ಕಾಲಿಗೆ ಹಾಕುವ ಹಗ್ಗದ ಕುಣಿಕೆಯನ್ನು ಕೈಯಲ್ಲಿ ತಿರುಗಿಸುತ್ತಿದ್ದಾರೆ. ‘ಮಗಳು ಫೋನ್ ಮಾಡಿದ್ಲು, ಇನ್ನು ಹತ್ತಬಾರದು ಅಂತ.’ ಅಪ್ಪ ಏನೂ ಹೇಳುವುದಿಲ್ಲ. ಕೋಲಿನಿಂದ ಡ್ರಮ್ಮನ್ನು ಕಲಕುತ್ತಾನೆ. ‘ಎಷ್ಟು ವರ್ಷ ಆಯ್ತು ಅವಳು ನರ್ಸಿಂಗ್ ಮುಗಿಸಿ?’ ‘ಎರಡು.’ ‘ಫೀಸಿಗೆ ನಾನೇ ಕೊಟ್ಟದ್ದಲ್ವಾ?’ ‘ಹೌದು. ಅದಕ್ಕೇ ಬಂದದ್ದು.’ ಇಷ್ಟೇ ನಾಟಕ. ಕೊನೆಯಲ್ಲಿ ಅವರು ಎದ್ದು ಕುಣಿಕೆಯನ್ನು ಕಾಲಿಗೆ ಹಾಕಿಕೊಳ್ಳುತ್ತಾರೆ, ಅಪ್ಪ ‘ಬೇಡ’ ಎನ್ನುತ್ತಾನೆ, ಮಳೆ ಶುರುವಾಗುತ್ತದೆ.

ಓದಿ ಮುಗಿಸಿದಾಗ ಮಕ್ಕಳು ಗಲಾಟೆ ಮಾಡಲಿಲ್ಲ. ಆಮೇಲೆ ಒಬ್ಬಳು ಕೇಳಿದಳು, ‘ಅವರು ಹತ್ತಿದ್ರಾ?’ ಹುಡುಗ ಅಂದ, ‘ನಂಗೂ ಗೊತ್ತಿಲ್ಲ.’ ನನಗೆ ಕಣ್ಣು ತುಂಬಿ ಬಂತು. ಸಾಲ, ಉಪಕಾರ, ಕೂಲಿ, ಹೆಣ್ಣುಮಕ್ಕಳ ಓದು, ಮಳೆ ಎಲ್ಲ ಆ ಡ್ರಮ್ಮಿನ ಸುತ್ತ ನಿಂತಿತ್ತು, ಒಂದರ ಹೆಸರನ್ನೂ ಅವನು ಎತ್ತಿರಲಿಲ್ಲ.

ಎಂಡೋಸಲ್ಫಾನ್ ಕೀಟನಾಶಕದ ಬಗ್ಗೆ ನಮ್ಮಲ್ಲಿ ಎಷ್ಟು ಮಕ್ಕಳ ನಾಟಕ ಬಂದಿದೆ ನೀವೇ ಲೆಕ್ಕ ಹಾಕಿ. ಗೇರು ತೋಟಗಳ ಮೇಲೆ ಎರಡು ದಶಕ, 2000ನೇ ಇಸವಿಯ ತನಕ, ಹೆಲಿಕಾಪ್ಟರಿನಲ್ಲಿ ವಿಷ ಸುರಿದರು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೇ ಅದನ್ನು ನಿಲ್ಲಿಸಿತು. ನಿಮ್ಮ ಪೆರ್ಲ ಇರುವ ಎಣ್ಮಕಜೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಸ್ಟೇಜಿನಲ್ಲಿ ಏನು ನೋಡುತ್ತೇವೆ? ಒಂದು ಮಗುವಿನ ಕೈಕಾಲು ಸೊಟ್ಟ ಮಾಡಿಸಿ ಮಲಗಿಸುತ್ತಾರೆ, ಹಿಂದೆ ದುಃಖದ ಹಾಡು ಹಾಕುತ್ತಾರೆ. ನನಗೆ ಅದು ಸಹಿಸಲು ಆಗುವುದಿಲ್ಲ. ನಮ್ಮ ಶಿಬಿರದ ಹುಡುಗಿಯೊಬ್ಬಳು ಬರೆದಳು: ಅಕ್ಕ ತಂಗಿ ಇಬ್ಬರಿಗೂ ಮಾವನ ಮಗಳ ಮದುವೆಗೆ ಹೋಗಬೇಕು, ಅಣ್ಣನ ಹತ್ತಿರ ಒಬ್ಬರು ಉಳಿಯಬೇಕು. ಇರುವುದು ಒಂದೇ ಹೊಸ ಚೂಡಿದಾರ. ಅಣ್ಣ ಸ್ಟೇಜಿಗೆ ಬರುವುದೇ ಇಲ್ಲ. ಆಗಾಗ ಒಳಗಿನಿಂದ ಒಂದು ಸದ್ದು, ಅಷ್ಟೆ. ಇಬ್ಬರಲ್ಲಿ ಒಬ್ಬಳು ಎದ್ದು ಒಳಗೆ ಹೋಗುತ್ತಾಳೆ, ಇನ್ನೊಬ್ಬಳು ಚೂಡಿದಾರ ಮಡಚಿಡುತ್ತಾಳೆ.

ಇನ್ನು ಯಕ್ಷಗಾನದ ಮಾತು. ಮಾಷ್ಟ್ರೇ, ನೀವು ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಕೇಳಿ ಬೆಳೆದವರು. ವಾಲಿ ಬಾಣ ತಿಂದು ಬಿದ್ದು ರಾಮನನ್ನು ಕೇಳುತ್ತಾನಲ್ಲ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು, ಅಲ್ಲಿ ಯಾರದ್ದು ಸರಿ? ರಾತ್ರಿಯಿಡೀ ಕೂತು ಕೇಳುವುದು ಇಬ್ಬರದ್ದೂ ಸರಿ ಇರುವುದರಿಂದಲೇ ಅಲ್ವಾ? ಪದ್ಯ ಹಳೆಯದು, ಅರ್ಥ ಆ ರಾತ್ರಿಯದ್ದು. ಪದ್ಯಕ್ಕೆ ಮಾತು ಕಟ್ಟುವ ಒಳ್ಳೆಯ ಅರ್ಥಧಾರಿ ತನ್ನ ಕಾಲದ ಮಾತನ್ನು ವಾಲಿಯ ಬಾಯಲ್ಲಿ ಹೇಳಿಸುತ್ತಿದ್ದ. ನಮ್ಮದೇ ಕುಂಬಳೆ ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು ಬಪ್ಪನಾಡು ಪ್ರಸಂಗದ ಮುಸ್ಲಿಂ ವ್ಯಾಪಾರಿ ಬಪ್ಪ ಬ್ಯಾರಿಯಾಗಿ ರಂಗಕ್ಕೆ ಬಂದರೆ ಜನ ಮುಗಿಬೀಳುತ್ತಿದ್ದರು. ಹಾಸ್ಯಗಾರನ ಬಾಯಲ್ಲಿ ಊರಿನ ಆಡುಮಾತು ಬಂದರೆ ನೀವೂ ಚಪ್ಪಾಳೆ ತಟ್ಟಿದವರೇ. ಹಾಗಾದರೆ ಪೊಲೀಸಿನವನ ಎದುರು ಡ್ರೈವರ್ ಮಲಯಾಳ ಆಡಿದರೆ ಯಾಕೆ ತಪ್ಪು? ಮಗು ನಿಮ್ಮ ಯಕ್ಷಗಾನವನ್ನು ಬಿಟ್ಟಿಲ್ಲ. ವಾಲಿಯನ್ನೂ ರಾಮನನ್ನೂ ಮಣ್ಣಿನ ರಾಶಿಯ ಎರಡು ಕಡೆ ನಿಲ್ಲಿಸಿದ್ದಾಳೆ.

ಆಧುನಿಕ ಕನ್ನಡ ನಾಟಕ ಹುಟ್ಟಿದ್ದೂ ಹೀಗೆಯೇ. ಕೈಲಾಸಂ ‘ಟೊಳ್ಳುಗಟ್ಟಿ’ ಬರೆದಾಗ ಮಾರ್ಕಿನ ಹುಚ್ಚು ಆವತ್ತಿನ ವಿಷಯ. ಅವರ ಪಾತ್ರಗಳು ಇಂಗ್ಲಿಷ್ ಬೆರೆಸಿ ಮಾತಾಡಿದವು, ಯಾಕೆಂದರೆ ಆ ಮನೆಗಳಲ್ಲಿ ಹಾಗೇ ಮಾತಾಡುತ್ತಿದ್ದರು. ಕುವೆಂಪು 1928ರಲ್ಲಿ ‘ಜಲಗಾರ’ ತಂದರು, ಕಸ ಗುಡಿಸುವವನನ್ನು ನಡುರಂಗಕ್ಕೆ ಕರೆದರು. ಇವತ್ತು ಅವೆರಡೂ ಕನ್ನಡದ ಆಸ್ತಿ. ಬರೆದ ದಿನ ಅವು ಇವತ್ತಿನ ವಿಷಯವೇ ಆಗಿದ್ದವು.

ನಾನು ಚಿಕ್ಕವನಾಗಿದ್ದಾಗ ಕೇರಳದಲ್ಲಿ ವಿಜ್ಞಾನ ಪ್ರಚಾರ ಮಾಡುವ ಶಾಸ್ತ್ರ ಸಾಹಿತ್ಯ ಪರಿಷತ್ತಿನ ಕಲಾಜಾಥಾ, ಅಂದರೆ ಊರೂರು ತಿರುಗುವ ಬೀದಿನಾಟಕದ ತಂಡ, ನಮ್ಮ ಪೇಟೆಗೆ ಬಂದಿತ್ತು. ಅದು 1980ರಲ್ಲಿ ಶುರುವಾದದ್ದು. ಬಸ್‌ಸ್ಟ್ಯಾಂಡಿನ ಪಕ್ಕ, ಪರದೆ ಇಲ್ಲ, ಲೈಟಿಲ್ಲ, ಎಲ್ಲರೂ ಒಂದೇ ಬಣ್ಣದ ಅಂಗಿ. ನನಗೆ ಮಲಯಾಳ ಅರ್ಧವೂ ಬರುತ್ತಿರಲಿಲ್ಲ. ಮೀನು ತಂದ ಹೆಂಗಸರು ಬುಟ್ಟಿ ಇಳಿಸಿ ನೋಡುತ್ತಿದ್ದರು, ನಾನೂ ನಿಂತೆ. ಮನೆಗೆ ಹೋಗಿ ಅಮ್ಮನಿಗೆ ಇಡೀ ನಾಟಕವನ್ನು ತುಳುವಿನಲ್ಲಿ ಮಾಡಿ ತೋರಿಸಿದೆ. ಭಾಷೆ ಬೆರೆತರೆ ಕನ್ನಡ ಹೋಗುತ್ತದೆ ಎನ್ನುವ ಮಾತು ಬಂದಾಗೆಲ್ಲ ನನಗೆ ಆ ಸಂಜೆ ನೆನಪಾಗುತ್ತದೆ. ನಾನು ಕನ್ನಡದಲ್ಲೇ ಬರೆದು ಬದುಕಿದೆ.

ಕನ್ನಡ ಹೋಗುತ್ತಿರುವುದು ಬೇರೆ ಕಡೆಯಿಂದ. ಕನ್ನಡ ಮಾಧ್ಯಮದ ಕ್ಲಾಸಿಗೆ ಕನ್ನಡ ಬಾರದವರನ್ನು ಪಾಠಕ್ಕೆ ಹಾಕುತ್ತಾರೆ. ಅಂಥ ಒಂದು ಶಾಲೆಯಲ್ಲಿ ಹಿಂದಿನ ಬೆಂಚಿನ ಹುಡುಗಿ ಗಣಿತದ ಪಾಠವನ್ನು ಮುಂದಿನ ಬೆಂಚಿನವರಿಗೆ ಪಿಸುಮಾತಿನಲ್ಲಿ ಅನುವಾದಿಸುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹತ್ತು ವರ್ಷದ ಮಗುವಿಗೆ ಆ ಹೊರೆ ಯಾಕೆ? ಇನ್ನು ಕಲೋತ್ಸವ, ಕೇರಳದ ಶಾಲಾ ಮಕ್ಕಳ ಕಲಾಸ್ಪರ್ಧೆ. ಮಕ್ಕಳ ನಾಟಕಕ್ಕೆ ದೂರದಿಂದ ನಿರ್ದೇಶಕರು ಬರುತ್ತಾರೆ, ಸ್ಕ್ರಿಪ್ಟ್ ದುಡ್ಡಿಗೆ ಬರುತ್ತದೆ, ಸೆಟ್ಟು ಟೆಂಪೋದಲ್ಲಿ ಬರುತ್ತದೆ. ತಂದೆತಾಯಿ ಸಾಲ ಮಾಡುತ್ತಾರೆ. ಮಗು ತನಗೆ ಅರ್ಥವಾಗದ ಮಾತನ್ನು ದೊಡ್ಡ ದನಿಯಲ್ಲಿ ಹೇಳಿ ಎ ಗ್ರೇಡ್ ತೆಗೆದುಕೊಂಡು ಬರುತ್ತದೆ. ಆ ಮಗುವಿನ ಸ್ವಂತ ಮಾತು ಒಂದಾದರೂ ಅಲ್ಲಿ ಇತ್ತೇ? ಬೆಂಗಳೂರಿನವರ ಬಗ್ಗೆ ಏನು ಹೇಳಲಿ. ನವೆಂಬರಿನಲ್ಲಿ ಫೋನ್ ಮಾಡಿ ‘ಗಡಿನಾಡಿನ ಬಗ್ಗೆ ಒಂದು ಲೇಖನ ಕೊಡಿ’ ಎನ್ನುತ್ತಾರೆ. ಡಿಸೆಂಬರಿನಲ್ಲಿ ಕನ್ನಡ ಟೀಚರ್ ಹುದ್ದೆ ಖಾಲಿ ಬಿದ್ದಾಗ ಯಾರ ಫೋನೂ ಬರುವುದಿಲ್ಲ.

ಇಂಥ ಕಡೆ ಒಬ್ಬ ಹೊಸ ಟೀಚರ್ ಬಂದು, ದುಡ್ಡು ಕೊಟ್ಟು ಸ್ಕ್ರಿಪ್ಟ್ ತರಿಸದೆ, ನೀವೇ ಬರೆಯಿರಿ ಎಂದಿದ್ದಾರೆ. ಅವರನ್ನು ಒಂದು ದಿನ ಮನೆಗೆ ಕರೆದು ಊಟ ಹಾಕಿ ಮಾಷ್ಟ್ರೇ. ಎಸ್‌ಎಸ್‌ಎಲ್‌ಸಿ ಹತ್ತಿರ ಬಂತು, ಪೋರ್ಶನ್ ಮುಗಿಸಿ ಎಂದು ಅವರ ಮೇಲೆ ಒತ್ತಡ ಬಂದೇ ಬರುತ್ತದೆ. ನಿಮ್ಮಂಥ ಹಿರಿಯರು ಪಿಟಿಎ ಮೀಟಿಂಗಿನಲ್ಲಿ ಅವರ ಪರವಾಗಿ ಎದ್ದು ನಿಂತರೆ ಬಹಳ ಆಗುತ್ತದೆ.

ಪರಿಹಾರ ಬೇಕು ಎನ್ನುತ್ತೀರಲ್ಲ, ಅದಕ್ಕೆ ಬ್ರೆಜಿಲಿನ ರಂಗನಿರ್ದೇಶಕ ಅಗಸ್ಟೋ ಬೋಲ್ ಒಂದು ದಾರಿ ತೋರಿಸಿದ್ದಾರೆ. ನಾಟಕವನ್ನು ಬಿಕ್ಕಟ್ಟಿನಲ್ಲೇ ನಿಲ್ಲಿಸುವುದು, ಆಮೇಲೆ ನೋಡುವವರನ್ನೇ ಮೇಲೆ ಕರೆದು ‘ನೀವಾಗಿದ್ದರೆ ಏನು ಮಾಡುತ್ತಿದ್ದಿರಿ’ ಎಂದು ಆಡಿಸುವುದು. ಶಾಲೆಯಲ್ಲಿ ಈ ನಾಟಕ ಆಡುವ ದಿನ ನೀವೂ ಹೋಗಿ. ಪೊಲೀಸಿನವನ ಜಾಗದಲ್ಲಿ ನೀವೇ ನಿಂತು ನೋಡಿ. ಆಂಬುಲೆನ್ಸ್ ಬಿಡುತ್ತೀರೋ ಇಲ್ಲವೋ, ಬಿಟ್ಟರೆ ನಾಳೆ ಮೇಲಿನವರಿಗೆ ಏನು ಹೇಳುತ್ತೀರಿ, ನಿಮ್ಮ ಮೊಮ್ಮಗಳು ಕೇಳಲಿ.

ಒಂದು ಕೋರಿಕೆ. ಆ ನಾಟಕವನ್ನು ನಮಗೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ಮಲಯಾಳ, ತುಳು ಮಾತುಗಳು ಅವಳು ಬರೆದ ಹಾಗೇ ಕನ್ನಡ ಲಿಪಿಯಲ್ಲಿ ಇರಲಿ. ನೀವು ತಿದ್ದಿಸಿದ್ದು ಬೇಡ, ಆ ಹಿರಿಯರು ಬರುವ ಮೊದಲಿನ ಪ್ರತಿ ಬೇಕು. ಅದು ನಿಮ್ಮ ಹತ್ತಿರ ಇಲ್ಲದಿದ್ದರೆ ಹುಡುಗಿಯನ್ನು ಕೇಳಿ ನೋಡಿ. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಇಟ್ಟುಕೊಂಡಿರುತ್ತಾಳೆ.