ಥೈರಾಯ್ಡ್ ಮಾತ್ರೆ ಮತ್ತು ಬೆಳಗ್ಗಿನ ಕಾಫಿ: ಓದುಗರ ಪ್ರಶ್ನೆಗಳಿಗೆ ವೈದ್ಯರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಥೈರಾಯ್ಡ್ ಹಾರ್ಮೋನಿನ ಕೊರತೆಯ ಬಗೆಗಿನವೇ ಹೆಚ್ಚಾಗಿದ್ದವು. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇರಿಸಿಕೊಂಡು, ಈ ಒಂದೇ ವಿಷಯದ ಐದು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನನಗೆ 42 ವರ್ಷ. ಒಂದು ವರ್ಷದಿಂದ ವಿಪರೀತ ಆಯಾಸ, ಮಲಬದ್ಧತೆ, ಕೂದಲು ಉದುರುವಿಕೆ ಇದೆ. ಸ್ವರ ದಪ್ಪವಾಗಿದೆ, ಮುಟ್ಟಿನ ಸ್ರಾವ ಹೆಚ್ಚಾಗಿದೆ, ತೂಕ ಏಳು ಕಿಲೋ ಏರಿದೆ. ಮೇ ತಿಂಗಳ ಸೆಕೆಗೆ ಮನೆಯವರೆಲ್ಲ ಫ್ಯಾನಿನ ಕೆಳಗೆ ಮಲಗಿದರೆ ನನಗೆ ಮಾತ್ರ ಹೊದಿಕೆ ಬೇಕೆನಿಸುತ್ತಿತ್ತು. ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ 38 ಬಂದಿದೆ, ವೈದ್ಯರು 75 ಮೈಕ್ರೋಗ್ರಾಂ ಮಾತ್ರೆ ಬರೆದುಕೊಟ್ಟಿದ್ದಾರೆ. ನಾವು ಮಲ್ಪೆಯ ಹತ್ತಿರದವರು, ಬಂಗುಡೆ, ಬೂತಾಯಿ ಇಲ್ಲದೆ ಊಟವಿಲ್ಲ. ಸಮುದ್ರದ ಬದಿಯವರಿಗೆ ಈ ಕಾಯಿಲೆ ಬರುವುದಿಲ್ಲ ಎಂದು ಕೇಳಿದ್ದೆ. ನನಗೇಕೆ ಬಂತು? ಜೀವಮಾನವಿಡೀ ಮಾತ್ರೆ ನುಂಗಬೇಕೇ?
– ಗೃಹಿಣಿ, ಉಡುಪಿ ತಾಲೂಕು

ಉತ್ತರ: ಕುತ್ತಿಗೆಯ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಯು ಥೈರಾಕ್ಸಿನ್, ಅಂದರೆ ಟಿ4, ಮತ್ತು ಸ್ವಲ್ಪ ಪ್ರಮಾಣದಲ್ಲಿ ಟಿ3 ಎಂಬ ಹಾರ್ಮೋನುಗಳನ್ನು ತಯಾರಿಸುತ್ತದೆ. ದೇಹದ ಬಹುತೇಕ ಎಲ್ಲ ಜೀವಕೋಶಗಳ ಕೆಲಸದ ವೇಗ ಇವುಗಳನ್ನು ಅವಲಂಬಿಸಿದೆ. ಆದ್ದರಿಂದಲೇ ಇವು ಕಡಿಮೆಯಾದಾಗ ಕರುಳು, ಚರ್ಮ, ಹೃದಯದ ಬಡಿತ, ಮುಟ್ಟು, ನೆನಪು, ಉತ್ಸಾಹ ಹೀಗೆ ಒಂದಕ್ಕೊಂದು ಸಂಬಂಧವಿಲ್ಲದಂತೆ ಕಾಣುವ ತೊಂದರೆಗಳು ಒಟ್ಟೊಟ್ಟಿಗೆ ತಲೆದೋರುತ್ತವೆ. ದೇಹದೊಳಗೆ ಶಾಖ ಹುಟ್ಟುವುದೂ ಕುಗ್ಗುವುದರಿಂದ ನಮ್ಮ ಕರಾವಳಿಯ ಸೆಕೆಯಲ್ಲಿಯೂ ಚಳಿಯಾಗುತ್ತದೆ. ಈ ಒಂದು ಲಕ್ಷಣವನ್ನು ನೀವು ಸರಿಯಾಗಿ ಗಮನಿಸಿದ್ದೀರಿ. ಆಯಾಸಕ್ಕೆ ನೂರು ಕಾರಣಗಳಿರಬಹುದು, ಮೇ ತಿಂಗಳ ಮಂಗಳೂರು-ಉಡುಪಿಯಲ್ಲಿ ಹೊದಿಕೆ ಹುಡುಕುವುದಕ್ಕೆ ಅಷ್ಟು ಕಾರಣಗಳಿಲ್ಲ. ಟಿಎಸ್‌ಎಚ್ ಎಂಬುದು ಥೈರಾಯ್ಡಿನ ಹಾರ್ಮೋನ್ ಅಲ್ಲ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಥೈರಾಯ್ಡನ್ನು ಕೆಲಸಕ್ಕೆ ಹಚ್ಚಲು ಅದನ್ನು ಸ್ರವಿಸುತ್ತದೆ. ರಕ್ತದಲ್ಲಿ ಟಿ4 ಇಳಿದಂತೆ ಟಿಎಸ್‌ಎಚ್ ಏರುತ್ತದೆ. ಸಾಮಾನ್ಯವಾಗಿ 0.4ರಿಂದ 4ರ ಆಸುಪಾಸಿನಲ್ಲಿರಬೇಕಾದ ಅಂಕಿ 38ಕ್ಕೆ ಮುಟ್ಟಿದೆ, ಜೊತೆಗೆ ನೀವು ಬರೆದಿರುವ ಲಕ್ಷಣಗಳೂ ಇವೆ. ಆದ್ದರಿಂದ ಮಾತ್ರೆ ಬೇಕೇ ಎಂಬ ಚರ್ಚೆಗೆ ಎಡೆಯಿಲ್ಲ.

ಇನ್ನು ಮೀನಿನ ಮಾತು. ಥೈರಾಯ್ಡ್ ಹಾರ್ಮೋನಿಗೆ ಅಯೋಡಿನ್ ಬೇಕು, ಸಮುದ್ರದ ಮೀನಿನಲ್ಲಿ ಅದು ಸ್ವಲ್ಪ ಇದೆ ಎನ್ನುವುದು ನಿಜ. ಆದರೆ ಅಯೋಡಿನ್ ಸೇರಿಸಿದ ಉಪ್ಪು ಬಳಕೆಯಲ್ಲಿರುವ ಕಡೆಗಳಲ್ಲಿ ಈ ಕೊರತೆಗೆ ಮುಖ್ಯ ಕಾರಣ ಅಯೋಡಿನ್ ಅಭಾವವಲ್ಲ, ದೇಹದ ರೋಗನಿರೋಧಕ ವ್ಯವಸ್ಥೆಯು ತನ್ನದೇ ಥೈರಾಯ್ಡ್ ಗ್ರಂಥಿಯನ್ನು ಪರಕೀಯವೆಂದು ಬಗೆದು ನಿಧಾನವಾಗಿ ಹಾಳುಗೆಡಹುವುದು. ಜಪಾನಿನ ವೈದ್ಯ ಹಕಾರು ಹಾಶಿಮೊಟೊ 1912ರಲ್ಲಿ ವಿವರಿಸಿದ ಕಾರಣ ಇದಕ್ಕೆ ಅವರ ಹೆಸರೇ ಉಳಿದಿದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಬಹಳ ಹೆಚ್ಚು, ಮನೆತನದಲ್ಲಿ ಹರಿದುಬರುವುದೂ ಉಂಟು. ಆ್ಯಂಟಿ-ಟಿಪಿಒ ಎಂಬ ರಕ್ತಪರೀಕ್ಷೆಯಿಂದ ಇದನ್ನು ಗುರುತಿಸಬಹುದು. ಥೈರಾಯ್ಡಿನ ಶಸ್ತ್ರಚಿಕಿತ್ಸೆ, ವಿಕಿರಣಶೀಲ ಅಯೋಡಿನ್ ಚಿಕಿತ್ಸೆ, ಲಿಥಿಯಂ ಮತ್ತು ಅಮಿಯೋಡರೋನ್‌ನಂತಹ ಔಷಧಗಳು ಇತರ ಕಾರಣಗಳು. ನೀವು ಬಂಗುಡೆ ತಿಂದದ್ದರಿಂದ ಇದು ಬರಲೂ ಇಲ್ಲ, ಇನ್ನಷ್ಟು ತಿಂದರೆ ಹೋಗುವುದೂ ಇಲ್ಲ. ಅಯೋಡಿನ್ ಮಾತ್ರೆ, ಕಡಲಪಾಚಿಯ ಪುಡಿ ಇತ್ಯಾದಿಗಳನ್ನು ತರಿಸಿಕೊಳ್ಳಬೇಡಿ. ಅತಿಯಾದ ಅಯೋಡಿನ್ ಈ ಕಾಯಿಲೆಯನ್ನು ಉಲ್ಬಣಗೊಳಿಸಬಲ್ಲದು.

ಹಾಗೆಂದು ಉಪ್ಪನ್ನು ಕಡೆಗಣಿಸುವಂತಿಲ್ಲ. ಸಮುದ್ರದ ನೀರಿನಿಂದ ತಯಾರಾದ ಹರಳುಪ್ಪಿನಲ್ಲಿ ಸಹಜವಾಗಿ ಸಾಕಷ್ಟು ಅಯೋಡಿನ್ ಇರುವುದಿಲ್ಲ. ಅದನ್ನು ಬೇರೆಯಾಗಿ ಸೇರಿಸಬೇಕಾಗುತ್ತದೆ. ಭಾರತದಲ್ಲಿ 1962ರಿಂದಲೇ ಗಳಗಂಡ ನಿಯಂತ್ರಣ ಕಾರ್ಯಕ್ರಮ ನಡೆಯುತ್ತಿದ್ದು, ಗ್ರಾಹಕರ ಕೈಸೇರುವ ಉಪ್ಪಿನಲ್ಲಿ ಹತ್ತು ಲಕ್ಷಕ್ಕೆ ಕನಿಷ್ಠ 15 ಭಾಗ ಅಯೋಡಿನ್ ಇರಬೇಕೆಂಬ ನಿಯಮವಿದೆ. ತೆಂಗಿನ ಬುಡಕ್ಕೆಂದು ತಂದ ಉಪ್ಪು ಉಪ್ಪಿನಕಾಯಿಯ ಭರಣಿಗೂ ಅಡುಗೆಗೂ ಸೇರುವ ಮನೆಗಳಿದ್ದರೆ ಈ ಮಾತು ಅವರಿಗೆ. ಅಯೋಡಿನ್ ಉಪ್ಪು ಮಳೆಗಾಲದಲ್ಲಿ ನೀರೊಡೆದರೆ ಅದರ ಅಯೋಡಿನ್ ಕಡಿಮೆಯಾಗುತ್ತದೆ, ಆದ್ದರಿಂದ ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿಡಿ.

ಜೀವಮಾನವಿಡೀ ಮಾತ್ರೆಯೇ ಎಂಬ ನಿಮ್ಮ ಪ್ರಶ್ನೆಗೆ ಉತ್ತರ, ಬಹುಮಟ್ಟಿಗೆ ಹೌದು. ಹಾನಿಗೊಂಡ ಗ್ರಂಥಿಯನ್ನು ಮತ್ತೆ ಮೊದಲಿನಂತೆ ಮಾಡುವ ಔಷಧ ಇಲ್ಲ. ಆದರೆ ಇದನ್ನು ಚಟವೆಂದೋ ಶಿಕ್ಷೆಯೆಂದೋ ತಿಳಿಯುವುದು ಸರಿಯಲ್ಲ. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ವೈದ್ಯರು ಇದೇ ಕಾಯಿಲೆಯಿಂದ ಸೊರಗಿದ್ದ 46 ವರ್ಷದ ಮಹಿಳೆಗೆ ಕುರಿಯ ಥೈರಾಯ್ಡಿನ ರಸವನ್ನು ಚುಚ್ಚುಮದ್ದಾಗಿ ಕೊಡತೊಡಗಿದರು. ಆಕೆ ಅನಂತರ 28 ವರ್ಷ ಬದುಕಿದರು. ಇಂದಿನ ಲೀವೋಥೈರಾಕ್ಸಿನ್ ಮಾತ್ರೆಯಲ್ಲಿರುವುದು ನಮ್ಮ ಗ್ರಂಥಿಯೇ ತಯಾರಿಸುವ ಟಿ4. ಪ್ರಮಾಣ ಸರಿಯಿದ್ದರೆ ಅದಕ್ಕೆ ಬೇರೆ ಅಡ್ಡಪರಿಣಾಮವೆಂಬುದು ಇಲ್ಲವೆನ್ನುವಷ್ಟು ಕಡಿಮೆ. ಆಯಾಸ ಕೆಲವೇ ವಾರಗಳಲ್ಲಿ ತಗ್ಗುತ್ತದೆ, ಕೂದಲು ಮತ್ತು ಚರ್ಮಕ್ಕೆ ತಿಂಗಳುಗಳು ಬೇಕು. ತೂಕದ ವಿಷಯದಲ್ಲಿ ಮಾತ್ರ ದೊಡ್ಡ ನಿರೀಕ್ಷೆ ಬೇಡ. ಥೈರಾಯ್ಡ್ ಕೊರತೆಯಿಂದ ಏರುವ ತೂಕ ಸಾಮಾನ್ಯವಾಗಿ ಕೆಲವೇ ಕಿಲೋ, ಅದರಲ್ಲಿಯೂ ಬಹುಪಾಲು ದೇಹದಲ್ಲಿ ನಿಂತ ಉಪ್ಪು ಮತ್ತು ನೀರು. ಏಳು ಕಿಲೋ ಪೂರ್ತಿ ಮಾತ್ರೆಯಿಂದಲೇ ಇಳಿಯಲಾರದು.

ಪ್ರಶ್ನೆ: ನನ್ನ ತಾಯಿಗೆ 68 ವರ್ಷ, ತೂಕ 55 ಕಿಲೋ. ಮೂರು ವರ್ಷಗಳಿಂದ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. 100ರಿಂದ 125, ಈಗ 150 ಮೈಕ್ರೋಗ್ರಾಂಗೆ ಏರಿಸಿದರೂ ಟಿಎಸ್‌ಎಚ್ 14ರಿಂದ ಕೆಳಗೆ ಬರುತ್ತಿಲ್ಲ. ಬೆಳಿಗ್ಗೆ ಎದ್ದು ಕಾಫಿಯೊಂದಿಗೆ ಥೈರಾಯ್ಡ್, ಕ್ಯಾಲ್ಸಿಯಂ ಮತ್ತು ಗ್ಯಾಸ್ಟ್ರಿಕ್ ಮಾತ್ರೆಗಳನ್ನು ತಪ್ಪದೆ ನುಂಗುತ್ತಾರೆ. ಮಾತ್ರೆಯ ಕಂಪೆನಿ ಬದಲಿಸಬೇಕೇ?
– ನಿವೃತ್ತ ಬ್ಯಾಂಕ್ ಉದ್ಯೋಗಿ, ಪುತ್ತೂರು

ಉತ್ತರ: ನಿಮ್ಮ ಪ್ರಶ್ನೆಯೊಳಗೇ ಉತ್ತರವಿದೆ. ಗ್ರಂಥಿ ಸಂಪೂರ್ಣ ನಿಂತುಹೋದವರಿಗೂ ಬೇಕಾಗುವುದು ಕಿಲೋ ತೂಕಕ್ಕೆ ಸುಮಾರು 1.6 ಮೈಕ್ರೋಗ್ರಾಂ, ಅಂದರೆ ನಿಮ್ಮ ತಾಯಿಯವರಿಗೆ 90ರ ಒಳಗೆ. ಅದನ್ನು ಅಷ್ಟು ಮೀರಿಯೂ ಟಿಎಸ್‌ಎಚ್ ಇಳಿಯದಿದ್ದರೆ ಮೊದಲು ಕೇಳಬೇಕಾದದ್ದು ಮಾತ್ರೆ ಹೊಟ್ಟೆ ಸೇರಿದ ಮೇಲೆ ರಕ್ತ ಸೇರುತ್ತಿದೆಯೇ ಎಂದು. ಕಾಫಿ ಅದನ್ನು ತಡೆಯುತ್ತದೆ. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳು ಅದಕ್ಕಿಂತ ಹೆಚ್ಚಾಗಿ ತಡೆಯುತ್ತವೆ. ಹೊಟ್ಟೆಯ ಆಮ್ಲ ತಗ್ಗಿಸುವ ಮಾತ್ರೆಯೂ ಹೀರಿಕೆಯನ್ನು ಕುಗ್ಗಿಸುತ್ತದೆ. ನಿಷ್ಠೆಯಿಂದ ಮಾತ್ರೆ ನುಂಗುತ್ತಿರುವ ರೋಗಿಗೆ ಹೇಗೆ ನುಂಗಬೇಕೆಂದು ಯಾರೂ ಬಿಡಿಸಿ ಹೇಳದೆ ಪ್ರಮಾಣವನ್ನಷ್ಟೇ ಏರಿಸುತ್ತ ಹೋಗುವುದನ್ನು ನಾನು ಮತ್ತೆ ಮತ್ತೆ ಕಾಣುತ್ತೇನೆ, ಇದು ನಮ್ಮ ವೃತ್ತಿಯವರ ಅವಸರದ ಫಲ.

ಬೆಳಿಗ್ಗೆ ಎದ್ದೊಡನೆ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನೊಂದಿಗೆ ಮಾತ್ರೆ ನುಂಗಬೇಕು. ಅನಂತರ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ, ಕಾಫಿ, ಚಹಾ, ಗಂಜಿ, ಕಷಾಯ ಯಾವುದೂ ಬೇಡ. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೂ ನಡುವೆ ನಾಲ್ಕು ಗಂಟೆಯ ಅಂತರವಿರಲಿ. ಅವನ್ನು ಮಧ್ಯಾಹ್ನದ ಊಟಕ್ಕೆ ಸರಿಸಿದರೆ ನೆನಪಿಡುವುದು ಸುಲಭ. ಥೈರಾಕ್ಸಿನ್ ಶಾಖ, ಬೆಳಕು ಮತ್ತು ತೇವಕ್ಕೆ ಕೆಡುವಂಥದ್ದು. ಆಟಿಯ ಮಳೆಯಲ್ಲಿ ಗೋಡೆಯೂ ಬೆವರುವ ನಮ್ಮ ಊರಿನಲ್ಲಿ ಅದನ್ನು ಒಲೆಯ ಮೇಲಿನ ಕಪಾಟಿನಲ್ಲಿಯೋ ಬಚ್ಚಲಿನ ಹತ್ತಿರವೋ ಇಡಬೇಡಿ, ತಂದ ಡಬ್ಬಿಯಲ್ಲಿಯೇ ಬಿಗಿಯಾಗಿ ಮುಚ್ಚಿಡಿ. ಕಂಪೆನಿಯನ್ನು ಪದೇಪದೇ ಬದಲಿಸದಿರುವುದೇ ಒಳ್ಳೆಯದು.

ಇಲ್ಲಿ ಒಂದು ಎಚ್ಚರಿಕೆಯ ಮಾತಿದೆ. ಕ್ರಮ ಸರಿಹೋದ ಮೇಲೆ ಅದೇ 150 ಮೈಕ್ರೋಗ್ರಾಂ ನಿಮ್ಮ ತಾಯಿಯವರಿಗೆ ಅತಿಯಾಗಬಹುದು. ಆ ವಯಸ್ಸಿನಲ್ಲಿ ಹಾರ್ಮೋನ್ ಹೆಚ್ಚಾದರೆ ಎದೆಬಡಿತ ತಾಳ ತಪ್ಪುತ್ತದೆ, ಮೂಳೆ ಸವೆಯುತ್ತದೆ. ಆದ್ದರಿಂದ ಕ್ರಮ ಬದಲಿಸುವ ಮೊದಲೇ ವೈದ್ಯರಿಗೆ ತಿಳಿಸಿ, ಅವರು ಪ್ರಮಾಣ ಇಳಿಸಿಯೇ ಆರಂಭಿಸಬಹುದು. ಮರುಪರೀಕ್ಷೆ ಆರರಿಂದ ಎಂಟು ವಾರಗಳ ಬಳಿಕ. ಅದಕ್ಕಿಂತ ಮೊದಲು ಟಿಎಸ್‌ಎಚ್ ತನ್ನ ಹೊಸ ನೆಲೆಗೆ ಬಂದಿರುವುದಿಲ್ಲ. ಎಲ್ಲವನ್ನೂ ಸರಿಪಡಿಸಿದ ಮೇಲೂ ಅಂಕಿ ಇಳಿಯದಿದ್ದರೆ ಕರುಳಿನ ಅಥವಾ ಜಠರದ ಕಾಯಿಲೆಯನ್ನು ಹುಡುಕಬೇಕಾಗುತ್ತದೆ.

ಪ್ರಶ್ನೆ: ನನಗೆ 29 ವರ್ಷ, ಯಾವ ತೊಂದರೆಯೂ ಇಲ್ಲ. ಕಂಪೆನಿಯ ಆರೋಗ್ಯ ತಪಾಸಣೆಯಲ್ಲಿ ಟಿಎಸ್‌ಎಚ್ 6.2, ಫ್ರೀ ಟಿ4 ಸರಿಯಾಗಿದೆ. ಈಗಿಂದಲೇ ಮಾತ್ರೆ ಬೇಕೇ? ಕ್ಯಾಬೇಜು, ಮರಗೆಣಸು ಬಿಡಬೇಕೇ?
– ಹೆಸರು ಬೇಡ, ಸುರತ್ಕಲ್

ಉತ್ತರ: ಟಿ4 ಸರಿಯಿದ್ದು ಟಿಎಸ್‌ಎಚ್ ಮಾತ್ರ ತುಸು ಏರಿರುವ ಸ್ಥಿತಿ ಇದು. ಜ್ವರ ಅಥವಾ ಬೇರೆ ಕಾಯಿಲೆಯಿಂದ ಚೇತರಿಸಿಕೊಳ್ಳುವಾಗಲೂ ಅಂಕಿ ಹೀಗೆ ಏರಿ ತಾನಾಗಿ ಇಳಿಯುವುದುಂಟು. ಎರಡು ಮೂರು ತಿಂಗಳು ಬಿಟ್ಟು ಟಿಎಸ್‌ಎಚ್ ಮತ್ತು ಫ್ರೀ ಟಿ4 ಜೊತೆಗೆ ಆ್ಯಂಟಿ-ಟಿಪಿಒ ಪರೀಕ್ಷೆಯನ್ನೂ ಮಾಡಿಸಿ. ಅಂಕಿ 10 ದಾಟಿ ನಿಂತರೆ ಚಿಕಿತ್ಸೆ ಆರಂಭಿಸುವುದು ರೂಢಿ. ಅದಕ್ಕಿಂತ ಕೆಳಗಿದ್ದು, ಲಕ್ಷಣಗಳೂ ಇಲ್ಲದಿದ್ದರೆ ಕಾದು ನೋಡುವುದೇ ನನ್ನ ಸಲಹೆ. ಒಂದು ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ಮುದ್ರಿತವಾದ ಒಂದು ಅಂಕಿಗೆ ಮಾತ್ರೆ ಕೊಡಲಾಗದು. ಕೂದಲಿಗೆಂದು ಬಯೋಟಿನ್ ತೆಗೆದುಕೊಳ್ಳುತ್ತಿದ್ದರೆ ಪರೀಕ್ಷೆಗೆ ಎರಡು ದಿನ ಮೊದಲೇ ನಿಲ್ಲಿಸಿ, ಅದು ಫಲಿತಾಂಶವನ್ನು ದಾರಿ ತಪ್ಪಿಸುತ್ತದೆ. ಅಯೋಡಿನ್ ಉಪ್ಪು ಬಳಸುವವರು ಬೇಯಿಸಿದ ಕ್ಯಾಬೇಜು, ಮರಗೆಣಸನ್ನು ಹಿತಮಿತವಾಗಿ ತಿನ್ನಬಹುದು.

ಪ್ರಶ್ನೆ: ರಂಜಾನ್ ಉಪವಾಸದಲ್ಲಿ ಮಾತ್ರೆಯನ್ನು ಯಾವಾಗ ತೆಗೆದುಕೊಳ್ಳಬೇಕು?
– ಶಿಕ್ಷಕಿ, ಉಳ್ಳಾಲ

ಉತ್ತರ: ಇಫ್ತಾರ್ ಮತ್ತು ರಾತ್ರಿಯ ಊಟ ಮುಗಿದು ಮೂರು ಗಂಟೆಯ ಬಳಿಕ, ಮಲಗುವ ಹೊತ್ತಿಗೆ ತೆಗೆದುಕೊಳ್ಳಬಹುದು. ಸಹರಿಗೆ, ಅಂದರೆ ಉಪವಾಸಕ್ಕೆ ಮುಂಚಿನ ನಸುಕಿನ ಊಟಕ್ಕೆ, ಅರ್ಧ ಗಂಟೆ ಮೊದಲು ಏಳುವ ಅಭ್ಯಾಸವಿದ್ದರೆ ಆಗಲೂ ಆದೀತು. ಯಾವುದನ್ನು ಆರಿಸಿಕೊಂಡರೂ ತಿಂಗಳಿಡೀ ಅದನ್ನೇ ಪಾಲಿಸಿ.

ಪ್ರಶ್ನೆ: ನನಗೆ 26 ವರ್ಷ, ದಿನಕ್ಕೆ 50 ಮೈಕ್ರೋಗ್ರಾಂ ಮಾತ್ರೆ ತೆಗೆದುಕೊಳ್ಳುತ್ತಿದ್ದೆ. ಈಗ ಎರಡು ತಿಂಗಳ ಗರ್ಭಿಣಿ. ಬಸುರಿಯಲ್ಲಿ ಮದ್ದು ತಿಂದರೆ ಮಗುವಿಗೆ ಉಷ್ಣವೆಂದು ಅತ್ತೆಯವರು ಹೇಳಿದ್ದರಿಂದ ಹತ್ತು ದಿನಗಳಿಂದ ನಿಲ್ಲಿಸಿದ್ದೇನೆ. ಸರಿಯೇ?
– ಓದುಗರು, ಕಾರ್ಕಳ

ಉತ್ತರ: ಸರಿಯಲ್ಲ. ಮಾತ್ರೆಯನ್ನು ಇಂದೇ ಮತ್ತೆ ಆರಂಭಿಸಿ, ಈ ವಾರವೇ ಪ್ರಸೂತಿ ವೈದ್ಯರನ್ನು ಕಂಡು ಟಿಎಸ್‌ಎಚ್ ಪರೀಕ್ಷೆ ಮಾಡಿಸಿಕೊಳ್ಳಿ. ಮೊದಲ ಮೂರು ತಿಂಗಳು ಶಿಶುವಿನ ಸ್ವಂತ ಥೈರಾಯ್ಡ್ ಕೆಲಸ ಮಾಡುವ ಹಂತಕ್ಕೆ ಬಂದಿರುವುದಿಲ್ಲ. ಅದರ ಮೆದುಳಿನ ಬೆಳವಣಿಗೆಗೆ ಬೇಕಾದ ಥೈರಾಕ್ಸಿನ್ ತಾಯಿಯ ರಕ್ತದಿಂದಲೇ ಹೋಗಬೇಕು. ಕೊರತೆ ಉಳಿದರೆ ಗರ್ಭಪಾತ, ಅವಧಿಪೂರ್ವ ಹೆರಿಗೆ, ರಕ್ತದೊತ್ತಡದ ಅಪಾಯಗಳು ಹೆಚ್ಚುತ್ತವೆ. ಗರ್ಭ ನಿಂತೊಡನೆ ಮಾತ್ರೆಯ ಪ್ರಮಾಣವನ್ನು ಸಾಮಾನ್ಯವಾಗಿ ನೂರಕ್ಕೆ 25ರಿಂದ 30ರಷ್ಟು ಹೆಚ್ಚಿಸಬೇಕಾಗುತ್ತದೆಯೇ ಹೊರತು ಇಳಿಸುವುದಿಲ್ಲ. ಟಿಎಸ್‌ಎಚ್ 2.5ರ ಒಳಗಿರಬೇಕು, ಐದನೆಯ ತಿಂಗಳವರೆಗೆ ನಾಲ್ಕು ವಾರಕ್ಕೊಮ್ಮೆ ಪರೀಕ್ಷೆ ನಡೆಯಬೇಕು. ಅತ್ತೆಯವರ ಕಾಳಜಿ ಮಗುವಿನ ಮೇಲಿನದೇ ಆಗಿರುವುದರಿಂದ, ಅವರನ್ನೂ ಒಮ್ಮೆ ವೈದ್ಯರಲ್ಲಿಗೆ ಕರೆದುಕೊಂಡು ಹೋದರೆ ಮನೆಯಲ್ಲಿ ವಾದ ಮಾಡುವ ಅಗತ್ಯ ಬೀಳದು.

ಗರ್ಭಿಣಿಯರಿಗೆ ಕೊಡುವ ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನು ಇದರೊಂದಿಗೆ ನುಂಗಬೇಡಿ, ಪುತ್ತೂರಿನ ಓದುಗರಿಗೆ ಹೇಳಿದ ನಾಲ್ಕು ಗಂಟೆಯ ಅಂತರ ನಿಮಗೂ ಬೇಕು. ಹೆರಿಗೆಯಾದ ಮೇಲೆ ಪ್ರಮಾಣವನ್ನು ಮೊದಲಿನಷ್ಟಕ್ಕೆ ಇಳಿಸಿ, ಆರು ವಾರಗಳ ಬಳಿಕ ಪರೀಕ್ಷಿಸುತ್ತಾರೆ. ಎದೆಹಾಲು ಕೊಡುವಾಗ ಈ ಮಾತ್ರೆಯಿಂದ ತೊಂದರೆಯಿಲ್ಲ. ಮಗು ಹುಟ್ಟಿ ಎರಡು ಮೂರು ದಿನಗಳಲ್ಲಿ ಹಿಮ್ಮಡಿಯಿಂದ ರಕ್ತದ ಹನಿ ತೆಗೆದು ಮಾಡುವ ಟಿಎಸ್‌ಎಚ್ ಪರೀಕ್ಷೆಯನ್ನು ಆಸ್ಪತ್ರೆಯವರಲ್ಲಿ ನೀವೇ ಕೇಳಿ ಮಾಡಿಸಿಕೊಳ್ಳಿ. ಹುಟ್ಟಿನಿಂದಲೇ ಕೊರತೆಯಿರುವ ಮಗುವಿಗೆ ಮೊದಲ ಎರಡು ವಾರಗಳೊಳಗೆ ಮಾತ್ರೆ ಆರಂಭವಾದರೆ ಬುದ್ಧಿಯ ಬೆಳವಣಿಗೆಗೆ ಆಗುವ ಹಾನಿಯನ್ನು ತಪ್ಪಿಸಬಹುದು.