ಮಾಜಿ ಸಂಸದ ಎಂ. ರಾಮಣ್ಣ ರೈ ಲೋಕಸಭೆಯಲ್ಲಿ ಹೇಗೆ ಮತ ಹಾಕಿದ್ದರು ಅಂತ ತಿಳಿಯುವುದು ಹೇಗೆ?

ಸಿಪಿಎಂನ ರಾಮಣ್ಣ ರೈ ಕಾಸರಗೋಡಿನಿಂದ ಮೂರು ಸಲ ಗೆದ್ದರು: 1980, 1989, 1991. ನಡುವೆ 1984ರಲ್ಲಿ ಗೆದ್ದವರು ಕಾಂಗ್ರೆಸ್ಸಿನ ಐ. ರಾಮ ರೈ. ಹೆಸರು ಹತ್ತಿರ ಅಲ್ವಾ, ಹುಡುಕುವಾಗ ಗಮನವಿರಲಿ.

ಜಾಸ್ತಿ ಮಸೂದೆಗಳು ಧ್ವನಿಮತದಲ್ಲೇ ಮುಗಿಯುತ್ತವೆ. ಅಲ್ಲಿ ಯಾರ ಹೆಸರೂ ದಾಖಲಾಗುವುದಿಲ್ಲ. ಸದಸ್ಯರು ಪಟ್ಟು ಹಿಡಿದು ಡಿವಿಷನ್ (ಮತ ಎಣಿಕೆ) ಕೇಳಿದರೆ, ಇಲ್ಲವೇ ಸಂವಿಧಾನ ತಿದ್ದುಪಡಿ ಮಸೂದೆಯಾದರೆ ಮಾತ್ರ ಯಾರು ಯಾವ ಕಡೆ ಅಂತ ಕಲಾಪದ ವರದಿಯಲ್ಲಿ ಅಚ್ಚಾಗುತ್ತದೆ. ಮೊದಲು ನರಸಿಂಹ ರಾವ್ ಸರ್ಕಾರದ ವಿರುದ್ಧದ 1993ರ ಜುಲೈ 28ರ ಅವಿಶ್ವಾಸ ನಿರ್ಣಯ ನೋಡಿ. ಮಂಡಿಸಿದ್ದು ರಾಮಣ್ಣ ರೈ ಅವರ ಪಕ್ಷದವರೇ. ಪರ 251, ವಿರೋಧ 265. ಹಳೆಯ ಕಲಾಪಗಳು ಸಂಸತ್ತಿನ ಡಿಜಿಟಲ್ ಲೈಬ್ರರಿಯಲ್ಲಿ ಸಿಗುತ್ತವೆ.

ಆದರೆ 1985ರ ಪಕ್ಷಾಂತರ ನಿಷೇಧ ಕಾನೂನಿನಡಿ ವಿಪ್ (ಹೀಗೇ ಮತ ಹಾಕಿ ಎನ್ನುವ ಪಕ್ಷದ ಆದೇಶ) ಮೀರಿದರೆ ಸದಸ್ಯತ್ವಕ್ಕೇ ಕುತ್ತು. ಹಾಗಾಗಿ ಮತ ಪಕ್ಷದ್ದು. ನಮ್ಮ ಸಂಸದರನ್ನು ಅಳೆಯಬೇಕಾದರೆ ಅವರು ಕೇಳಿದ ಪ್ರಶ್ನೆ, ಮಾಡಿದ ಭಾಷಣ ಓದಿ.