ಡ್ರ್ಯಾಗನ್ ಯಾರ ಸ್ವತ್ತು?

‘ನನ್ನ ಮಗ ಮತ್ತು ಅವನ ಗೆಳೆಯರು ನಾಲ್ಕು ವರ್ಷದಿಂದ ಭಾನುವಾರ ಬಂತೆಂದರೆ ನಮ್ಮ ಊಟದ ಮೇಜು ಹಿಡಿದು ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಡುತ್ತಾರೆ. ಕಂಪನಿಯವರು ಆಟವನ್ನೇ ಮಾರಿಬಿಡುತ್ತಾರಂತೆ. ಹಾಗಾದರೆ ಆಟ ನಿಂತುಹೋಗುತ್ತದೆಯೇ? ಇನ್ನೂ ಪುಸ್ತಕಕ್ಕೆ ದುಡ್ಡು ಹಾಕಬೇಕೇ?’
– ಓದುಗರೊಬ್ಬರು, ಮೈಸೂರು

ಸಂಪಾದಕರ ಉತ್ತರ:

ಒಬ್ಬ ಕಥೆ ನಡೆಸಿ, ಉಳಿದವರು ಅದರ ಪಾತ್ರಗಳಾಗಿ ದಾಳ ಹಾಕಿ ಆಡುವ ಈ ಆಟದ ಬಗ್ಗೆ ನೀವು ಕೇಳಿದ ಗುಲ್ಲು ಹಳೆಯದು. 2024ರ ಆರಂಭದಲ್ಲಿ ಚೀನಾದ ಟೆನ್ಸೆಂಟ್ ಕಂಪನಿ ಇದನ್ನು ಕೊಳ್ಳಲಿದೆ ಎಂಬ ಸುದ್ದಿ ಎದ್ದಿತ್ತು, ಮಾರುವ ಯೋಚನೆಯಿಲ್ಲ ಎಂದು ಮಾಲೀಕರಾದ ಹ್ಯಾಸ್ಬ್ರೊ ಅಲ್ಲಗಳೆದರು. ಆದರೂ ಜನ ನಂಬಿದ್ದರಲ್ಲಿ ಆಶ್ಚರ್ಯವಿಲ್ಲ, ಈ ಆಟ ಕೈ ಬದಲಾಯಿಸುತ್ತಲೇ ಬಂದಿದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಇದು 1974ರಲ್ಲಿ ಅಮೆರಿಕದ ಲೇಕ್ ಜಿನೀವಾ ಎಂಬ ಸಣ್ಣ ಊರಿನ ಟಿಎಸ್‌ಆರ್ ಕಂಪನಿಯಿಂದ ಹೊರಬಂತು. ಮೊದಲ ಮುದ್ರಣ ಒಂದೇ ಸಾವಿರ ಪ್ರತಿ. 1985ರಲ್ಲಿ ಗೈಗ್ಯಾಕ್ಸ್ ತಾವೇ ಕಟ್ಟಿದ ಕಂಪನಿಯ ಹಿಡಿತ ಕಳೆದುಕೊಂಡರು. ಸಾಲದಲ್ಲಿ ಮುಳುಗಿದ್ದ ಟಿಎಸ್‌ಆರ್ ಅನ್ನು 1997ರಲ್ಲಿ ವಿಝರ್ಡ್ಸ್ ಆಫ್ ದ ಕೋಸ್ಟ್ ಕೊಂಡಿತು. ‘ಮ್ಯಾಜಿಕ್’ ಎಂಬ ಇಸ್ಪೀಟಿನಂಥ ಎಲೆಯಾಟದಲ್ಲಿ ಗಳಿಸಿದ ದುಡ್ಡು ಅದು. ಎರಡೇ ವರ್ಷಕ್ಕೆ ಆಟಿಕೆ ಕಂಪನಿ ಹ್ಯಾಸ್ಬ್ರೊ ಸುಮಾರು 32.5 ಕೋಟಿ ಡಾಲರ್ ಕೊಟ್ಟು ವಿಝರ್ಡ್ಸ್ ಅನ್ನೇ ಕೊಂಡುಕೊಂಡಿತು.

ಇದರ ವ್ಯಾಪಾರದ ಕಷ್ಟ ನಿಮ್ಮ ಊಟದ ಮೇಜಿನಲ್ಲೇ ಕಾಣುತ್ತದೆ. ಐದಾರು ಹುಡುಗರು ಆಡುತ್ತಾರೆ, ಕಥೆ ನಡೆಸುವವನೊಬ್ಬ ಪುಸ್ತಕ ಕೊಂಡರೆ ಉಳಿದವರಿಗೆ ದಾಳ, ಪೆನ್ಸಿಲ್ ಸಾಕು. 2022ರಲ್ಲಿ ಹ್ಯಾಸ್ಬ್ರೊ 14.6 ಕೋಟಿ ಡಾಲರ್ ತೆತ್ತು ಆಟದ ಪುಸ್ತಕ, ಪಾತ್ರಗಳ ವಿವರ ಇಟ್ಟುಕೊಳ್ಳುವ ‘ಡಿ ಆ್ಯಂಡ್ ಡಿ ಬಿಯಾಂಡ್’ ಎಂಬ ಆನ್‌ಲೈನ್ ಸೇವೆಯನ್ನು ಕೊಂಡಿದ್ದು ಇದೇ ಕಾರಣಕ್ಕೆ ಎಂಬುದು ನನ್ನ ಲೆಕ್ಕ: ಪುಸ್ತಕ ಒಮ್ಮೆ ಮಾರಿದರೆ ಮುಗಿಯಿತು, ಚಂದಾ ತಿಂಗಳು ತಿಂಗಳು ಬರುತ್ತದೆ. ಆ ಡಿಸೆಂಬರಿನಲ್ಲಿ ವಿಝರ್ಡ್ಸ್ ಮುಖ್ಯಸ್ಥೆ ಹೂಡಿಕೆದಾರರ ಮುಂದೆ, ಈ ಆಟದಿಂದ ಬರಬೇಕಾದಷ್ಟು ದುಡ್ಡು ಬರುತ್ತಿಲ್ಲ ಎಂಬರ್ಥದ ಮಾತಾಡಿದರು.

ಮರು ತಿಂಗಳೇ ಎಡವಟ್ಟಾಯಿತು. 2000ದಿಂದ ಜಾರಿಯಲ್ಲಿದ್ದ ಮುಕ್ತ ಪರವಾನಗಿಯ ಆಧಾರದ ಮೇಲೆ ಹೊರಗಿನ ಪ್ರಕಾಶಕರು ಈ ಆಟಕ್ಕೆ ತಮ್ಮದೇ ಪುಸ್ತಕ ಮಾಡಿ ಬದುಕಿದ್ದರು. ಅದನ್ನು ರದ್ದುಮಾಡಿ, ವರ್ಷಕ್ಕೆ 7.5 ಲಕ್ಷ ಡಾಲರ್ ಮೀರಿದ ಆದಾಯದ ಮೇಲೆ ಶೇ 25ರವರೆಗೆ ರಾಯಧನ ಕೇಳುವ ಕರಡು ಸೋರಿಕೆಯಾಯಿತು. ಆಟಗಾರರು ಸಾಲುಸಾಲಾಗಿ ಚಂದಾ ನಿಲ್ಲಿಸಿದರು. ಜನವರಿ ಮುಗಿಯುವುದರೊಳಗೆ ಕಂಪನಿ ಬಗ್ಗಿತು. ಬರೀ ಬಗ್ಗಲಿಲ್ಲ, ಮೂಲ ನಿಯಮಗಳ ಪಠ್ಯವನ್ನು, ಯಾರು ಬೇಕಾದರೂ ಬಳಸಲು ಬಿಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಒಪ್ಪಿಸಿತು. ಅದನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲ. ನಾಳೆ ಕೊಳ್ಳುವವರು ಯಾರೇ ಆಗಲಿ, ಅವರಿಗೂ ಬರುವುದಿಲ್ಲ.

ಹಾಗಾದರೆ ಮಾರಲು ಉಳಿದಿದ್ದೇನು? ಹೆಸರು, ಲಾಂಛನ, ಫರ್ಗಾಟನ್ ರೆಲ್ಮ್ಸ್‌ನಂಥ ಕಥಾಲೋಕಗಳು, ಹಲವು ಕಣ್ಣಿನ ಬಿಹೋಲ್ಡರ್‌ನಂಥ ಕೆಲವು ರಾಕ್ಷಸರು. ಇವೇನು ಕಡಿಮೆ ಬೆಲೆಯವಲ್ಲ. 2023ರಲ್ಲಿ ಬೆಲ್ಜಿಯಂನ ಲಾರಿಯನ್ ಕಂಪನಿ ಇದೇ ಕಥಾಲೋಕ ಬಳಸಿ ತಂದ ‘ಬಾಲ್ಡರ್ಸ್ ಗೇಟ್ 3’ ವಿಡಿಯೊ ಗೇಮ್ ಗೆದ್ದಾಗ ಹ್ಯಾಸ್ಬ್ರೊಗೆ ಕೂತಲ್ಲೇ ಪಾಲು ಬಂತು. ಹೀಗೆ ಹಾಲು ಕರೆಯುವ ಹಸುವನ್ನು ಸಂತೆಗೆ ಹೊಡೆಯುತ್ತಾರೆಂದು ನನಗನ್ನಿಸುವುದಿಲ್ಲ. ವಿಝರ್ಡ್ಸ್ ಅನ್ನು ಬೇರ್ಪಡಿಸಿ ಎಂದು 2022ರಲ್ಲಿ ಆಲ್ಟಾ ಫಾಕ್ಸ್ ಎಂಬ ಹೂಡಿಕೆ ಸಂಸ್ಥೆ ಪಟ್ಟು ಹಿಡಿದಾಗಲೂ ಹ್ಯಾಸ್ಬ್ರೊ ಷೇರುದಾರರು ಆಡಳಿತ ಮಂಡಳಿಗೆ ಅದು ನಿಲ್ಲಿಸಿದ ಅಭ್ಯರ್ಥಿಯನ್ನು ಸೋಲಿಸಿದರು.

ತಾಳಮದ್ದಳೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪ್ರಸಂಗದ ಪುಸ್ತಕ ಯಾರದೇ ಇರಲಿ, ಆ ರಾತ್ರಿಯ ಅರ್ಥಗಾರಿಕೆ ಅರ್ಥಧಾರಿಯದು. ಭಾನುವಾರದ ಆ ಆಟವೂ ಹುಡುಗರದೇ.

ಪುಸ್ತಕ ಕೊಳ್ಳಿ, ಅಚ್ಚಾದದ್ದನ್ನೇ ಕೊಳ್ಳಿ. ಆ್ಯಪಿನಲ್ಲಿ ಕೊಂಡದ್ದು ಅವರು ಬಾಗಿಲು ತೆರೆದಿಟ್ಟಷ್ಟು ದಿನ ಮಾತ್ರ. ಮಗನ ಪಾತ್ರದ ವಿವರವೆಲ್ಲ ಅಲ್ಲೇ ಇದ್ದರೆ ಈ ಭಾನುವಾರವೇ ಒಂದು ಪ್ರಿಂಟ್ ತೆಗೆದಿಟ್ಟುಕೊಳ್ಳಲಿ.